ಚೌಕದ ರಬ್ಬರ್ ಗಿಡ ಇಳಿಸಿದ ವರ್ಷ

ಮೇ ತಿಂಗಳ ಒಂದು ಬೆಳಿಗ್ಗೆ ನಮ್ಮ ಅತ್ತೆ ಗಾಳಿಯನ್ನು ಒರೆಸುತ್ತ ನಿಂತಿದ್ದರು.

ಶಾಲೆಗೆ ರಜೆ ಇತ್ತು. ನಾನು ಮರಾಠಿ ಮಾಧ್ಯಮದ ಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು. ರಜೆಯ ದಿನಗಳಲ್ಲಿ ಬೆಳಗಿನ ಕೆಲಸಕ್ಕೆ ಅವಸರವಿರುವುದಿಲ್ಲ. ಚಹಾದ ಲೋಟ ಹಿಡಿದು ಅಡುಗೆಮನೆಯಿಂದ ಹೊರಗೆ ಬಂದೆ. ಅತ್ತೆ ಮಾಳಿಗೆಗೆ ಹೋಗುವ ಕಟ್ಟಿಗೆಯ ಮೆಟ್ಟಿಲುಗಳನ್ನು ಒಂದೆರಡು ಹತ್ತಿ ನಿಂತಿದ್ದರು. ಎಡಗೈ ಕಟಕಟೆಯನ್ನು ಗಟ್ಟಿಯಾಗಿ ಹಿಡಿದಿತ್ತು. ಬಲಗೈಯಲ್ಲಿ ಒದ್ದೆ ಬಟ್ಟೆ. ಆ ಕೈ ಮುಂದಕ್ಕೆ ಚಾಚಿ, ಇಲ್ಲದ ಒಂದು ಎಲೆಯನ್ನು ತೊಟ್ಟಿನಿಂದ ತುದಿಯವರೆಗೆ ಒರೆಸಿ ಮತ್ತೆ ತೊಟ್ಟಿಗೆ ಬರುತ್ತಿತ್ತು.

"ಅತ್ತೀ, ಏನ ಮಾಡಾಕತ್ತೀರಿ?" ಎಂದೆ.

"ಎಲಿ ಒರಸಬೇಕಂತ ಬಂದೀನಿ. ಇವತ್ತ ಯಾಕೋ ಒಂದೂ ಕೈಗೆ ಸಿಗವಲ್ಲವು."

"ಎಲ್ಲಾ ಮ್ಯಾಲ ಹೋಗ್ಯಾವ್ರೀ."

"ಕೆಳಗಿನವು?"

"ಉದರಿ ಹೋಗ್ಯಾವ್ರೀ ಅತ್ತೀ."

"ಯಾವಾಗ ಉದರಿದ್ವು? ನನಗ ಯಾರೂ ಹೇಳಲಿಲ್ಲಲಾ" ಎಂದು, ಪಾದದಿಂದ ತಡವಿ ತಡವಿ ಕೆಳಗಿಳಿದು, ತಮ್ಮ ಕುರ್ಚಿಯಲ್ಲಿ ಕುಳಿತರು. ಆ ದಿನ ಬಟ್ಟೆ ಅವರ ತೊಡೆಯ ಮೇಲೆಯೇ ಒಣಗಿತು.

ನಮ್ಮ ಮನೆ ಬೆಳಗಾವಿಯ ರವಿವಾರ ಪೇಟೆಯಲ್ಲಿದೆ. ರಸ್ತೆಗೆ ಅಂಗಡಿ, ಬೆಲ್ಲ, ಒಣಮೆಣಸಿನಕಾಯಿಯ ಸಗಟು ವ್ಯಾಪಾರ. ಅಂಗಡಿಯ ಹಿಂದೆ ರೈಲು ಡಬ್ಬಿಯ ಹಾಗೆ ಉದ್ದಕ್ಕೆ ಸಾಗುವ ಮನೆ, ಅದರ ನಡುವೆ ಬೆಳಕಿಗಾಗಿ ಬಿಟ್ಟ ಒಂದು ಚೌಕ. ಮೊದಲು ಚೌಕಕ್ಕೆ ಮೇಲೆ ಆಕಾಶವೇ ಇತ್ತಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಬೆಳಕು ಬಿಡುವ ಪ್ಲಾಸ್ಟಿಕ್ ತಗಡು ಹೊದಿಸಿದ್ದರು. ಆ ಚೌಕದ ಮೂಲೆಯಲ್ಲಿ, ಮೆಟ್ಟಿಲಿನ ಬಾಜೂಕ್ಕೆ, ಒಂದು ದೊಡ್ಡ ಸಿಮೆಂಟು ಕುಂಡ. ಅದರಲ್ಲಿ ಅತ್ತೆಯ ರಬ್ಬರ್ ಗಿಡ.

ಅತ್ತೆ ಖಾನಾಪುರದಿಂದ ಈ ಮನೆಗೆ ಮದುವೆಯಾಗಿ ಬಂದ ದಿನ ಒಂದು ತವರದ ಡಬ್ಬಿಯಲ್ಲಿ ಈ ಗಿಡ ಅವರ ಜೊತೆಗೆ ಬಂತು. ಐವತ್ತು ವರ್ಷದ ಮೇಲಾಯಿತು. ಅಂದಿನಿಂದ ಪ್ರತಿ ವಾರ ಅದರ ಒಂದೊಂದೂ ಎಲೆಯನ್ನು ಅವರು ಒದ್ದೆ ಬಟ್ಟೆಯಿಂದ ಒರೆಸುತ್ತ ಬಂದರು. ಅಂಗಡಿಯ ಮೆಣಸಿನಕಾಯಿ ಧೂಳು ಹಿತ್ತಿಲ ತನಕ ಬರುವ ಮನೆ ಇದು. ಆದರೆ ಆ ಎಲೆಗಳು ಮಾತ್ರ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಅತ್ತೆ ಎಂದೂ ಅದಕ್ಕೆ ಕತ್ತರಿ ತಾಗಿಸಲಿಲ್ಲ. ನಾವು ಜೈನರು, ನನಗಿಂತ, ನನ್ನ ಗಂಡನಿಗಿಂತ ಅತ್ತೆಯ ಆಚಾರ ಕಟ್ಟುನಿಟ್ಟು. ನೆಲದೊಳಗೆ ಬೆಳೆಯುವ ಯಾವ ಗಡ್ಡೆಯೂ ಅವರ ತಾಟಿಗೆ ಬಂದಿಲ್ಲ. ಗಿಡಕ್ಕೆ ಒಂದೇ ಇಂದ್ರಿಯ, ಅದು ಸ್ಪರ್ಶ. ನೋವು ಅದಕ್ಕೆ ಗೊತ್ತಾಗುತ್ತದೆ, ಹೇಳಲು ಮಾತ್ರ ಬಾಯಿಲ್ಲ ಎಂದು ಅವರು ನನ್ನ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದಾರೆ.

ಕಡಿಯದೆ ಬಿಟ್ಟ ಗಿಡ ಬೆಳಕನ್ನು ಹುಡುಕಿಕೊಂಡು ಮೇಲೆ ಹೋಯಿತು. ಕೆಳಗಿನ ಎಲೆಗಳು ಒಂದೊಂದಾಗಿ ಹಳದಿಯಾಗಿ ಬಿದ್ದವು. ಕೊನೆಗೆ ಉಳಿದದ್ದು ಮಾಳಿಗೆಯ ಎತ್ತರದ ತನಕ ಒಂದು ಬೋಳು ಕಾಂಡ, ತುದಿಯಲ್ಲಿ ತಗಡಿಗೆ ಒತ್ತಿಕೊಂಡ ಎಲೆಗಳ ಗೊಂಚಲು.

ಅದೇ ಕಾಲಕ್ಕೆ ಅತ್ತೆಯ ಕಣ್ಣೂ ಹೋಗುತ್ತ ಬಂತು. ಕಣ್ಣಿನೊಳಗಿನ ಒತ್ತಡದಿಂದ ನರ ಒಣಗುವ ಕಾಯಿಲೆ. ನೆಹರು ನಗರದ ಕಣ್ಣಿನ ಡಾಕ್ಟರು ಒಳ್ಳೆಯವರು. ಹೋದ ನೋಟ ಹೋದದ್ದೇ, ಉಳಿದದ್ದನ್ನು ಔಷಧಿ ಹಾಕಿ ಕಾಯ್ದುಕೊಳ್ಳೋಣ ಎಂದು ಮೊದಲೇ ಹೇಳಿಬಿಟ್ಟಿದ್ದರು. ಆ ವರ್ಷದ ಹೊತ್ತಿಗೆ ಅತ್ತೆಗೆ ಬೆಳಕು, ನೆರಳು, ಹತ್ತಿರ ಬಂದವರ ಆಕಾರ ಇಷ್ಟು ಮಾತ್ರ ತಿಳಿಯುತ್ತಿತ್ತು. ಮಂಡಿನೋವಿನಿಂದ ಮಾಳಿಗೆ ಹತ್ತುವುದೂ ಆಗುತ್ತಿರಲಿಲ್ಲ. ಗಿಡ ಅವರಿಗೆ ಕೈಯಿಂದಷ್ಟೇ ಸಿಗಬೇಕಾಗಿತ್ತು. ಆ ಕೈಗೆ ಸಿಗುತ್ತಿದ್ದುದು ಒರಟು ಕಾಂಡ ಒಂದೇ.

ಮಳೆಗಾಲ ಹತ್ತಿರ ಬಂದಾಗ ಇನ್ನೊಂದು ತೊಡಕಾಯಿತು. ಗಿಡದ ತುದಿ ಒತ್ತಿ ಒತ್ತಿ ಚೌಕದ ತಗಡು ಬಿರುಕು ಬಿಟ್ಟಿತ್ತು. ತಗಡು ಬದಲಿಸದಿದ್ದರೆ ನೀರೆಲ್ಲ ಮನೆಯೊಳಗೆ. ನನ್ನ ಗಂಡ ಊಟಕ್ಕೆ ಕುಳಿತಾಗ ಮೆಲ್ಲಗೆ ಮಾತು ತೆಗೆದರು. "ಅವ್ವಾ, ತುದಿ ಒಂದೀಟ ತಗೀಬೇಕಾಗತೈತಿ."

"ತಗಡ ಎತ್ತರಾ ಮಾಡ್ರಿ."

"ಮುಂದಿನ ವರ್ಷ ಮತ್ತ ಹತ್ತತೈತಿ ಅವ್ವಾ."

"ಮತ್ತ ಎತ್ತರಾ ಮಾಡ್ರಿ" ಎಂದು ಅತ್ತೆ ಮಜ್ಜಿಗೆ ಕುಡಿದು ಕೈತೊಳೆದರು.

ನಾನು ಖಾನಾಪುರದ ಮಾವಶಿಗೆ ಫೋನು ಮಾಡಿದೆ. ಮಾವಶಿ ಅಂದರೆ ಅತ್ತೆಯ ತಂಗಿ. ನಮ್ಮ ಕಡೆ ತಾಯಿಯ ತಂಗಿಯನ್ನು ಮರಾಠಿಯಲ್ಲೇ ಕರೆಯುವ ರೂಢಿ, ಗಂಡ ಕರೆದ ಹಾಗೆ ನಾನೂ ಕರೆಯುತ್ತೇನೆ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತರಾದವರು. ಮದುವೆಯಾಗದೆ, ತವರುಮನೆಯಲ್ಲೇ ಉಳಿದು, ಹಿತ್ತಿಲ ತುಂಬ ಗಿಡ ಬೆಳೆಸಿ, ಊರವರಿಗೆಲ್ಲ ಹಂಚಿ, ದೊಡ್ಡ ದನಿಯಲ್ಲಿ ನಗುತ್ತ ಬದುಕಿದವರು. ನಾನು ಒರೆಸುವ ಬಟ್ಟೆಯ ವಿಷಯ ಹೇಳಿದ ಕೂಡಲೇ, "ನಾಳಿ ಮುಂಜಾನಿ ಬಸ್ಸಿಗೆ ಬರ್ತೀನಿ" ಎಂದರು.

ಮರುದಿನ ಬಂದವರೇ ಚೀಲ ಇಟ್ಟು, ತಲೆ ಎತ್ತಿ ಗಿಡವನ್ನು ನೋಡಿ, ಮಾಳಿಗೆ ಹತ್ತಿ ಕಟಕಟೆಯಿಂದ ಬಗ್ಗಿ ನೋಡಿ, ಇಳಿದು ಬಂದು ಅಕ್ಕನ ಎದುರಿಗೆ ಕುಳಿತರು.

"ಅಕ್ಕಾ, ಇದನ್ನ ಇಳಸೂಣು."

"ಕಡಿಯಾಕ ಬಂದೀ ಏನ್ ನೀ?"

"ಕಡಿಯೂದು ಕಡೀಕ. ಮದಲ ಮ್ಯಾಲ ಇದ್ದಲ್ಲೇ ಬೇರ ಬರಸೂದು. ತಾಯಿ ಮೈಮ್ಯಾಲ ಇದ್ದಾಗನ ಅದಕ್ಕ ತನ್ನ ಬೇರ ಬರ್ತಾವ. ಬಂದ ಮ್ಯಾಲ ಬ್ಯಾರೆ ಮಾಡೂದು. ಯಾವ ಜೀವಾನೂ ಸಾಯೂದಿಲ್ಲ."

"ಬ್ಯಾಡ. ಇಷ್ಟ ವರ್ಷ ಇದಕ್ಕ ನಾ ಉಗರ ಹಚ್ಚಿಲ್ಲ."

ಮಾವಶಿ ನನ್ನ ಕಡೆ ನೋಡಿದರು. ಆಮೇಲೆ ಅಕ್ಕನ ಕೈ ಹಿಡಿದು, "ನಿನ್ನ ಮದಿವ್ಯಾಗ ಈ ಗಿಡಾ ಎಲ್ಲಿಂದ ಬಂತು, ಗೊತ್ತೈತೇನು?" ಎಂದು ಕೇಳಿದರು.

"ಅಪ್ಪ ಬೆಳಗಾವಿಯಿಂದ ತಂದಿದ್ನಲಾ."

"ತಂದಿರಲಿಲ್ಲ. ಪಡಸಾಲ್ಯಾಗ ಅಪ್ಪನ ರಬ್ಬರ್ ಗಿಡಾ ಇತ್ತಲಾ, ಅದರ ತಲಿ ಕಡದು ಬೇರ ಬರಿಸಿ ಡಬ್ಬಿಯೊಳಗ ಹಾಕಿದ್ದ. ಹಿತ್ತಲದಾಗ ನಾನ ಕೂತು ಡಬ್ಬಿ ಹಿಡದಿದ್ದ್ಯಾ. 'ಅಕ್ಕಗ ಹೇಳಬ್ಯಾಡ, ಕಡದದ್ದು ಅಂತ ತಿಳಿದ್ರ ಆಕಿ ತಗೊಂಡ ಹೋಗೂದಿಲ್ಲ' ಅಂದಿದ್ದ."

ಮಾವಶಿ ಅಕ್ಕನ ಕೈ ಬಿಡದೆ ಮುಂದುವರಿಸಿದರು.

"ಆ ಬೋಳ ಬೊಡ್ಡಿ ಇತ್ತಲಾ, ಅದನ್ನ ಕುಂಡದಿಂದ ತಗದು ಹಿತ್ತಲದಾಗ ಹಚ್ಚಿದ. ಅದ ಈಗ ನಮ್ಮನಿ ಹಿಂದಿನ ಗಿಡಾ."

ಅತ್ತೆ ಎದ್ದರು. ಕುರ್ಚಿಯಿಂದ ಕುಂಡದ ತನಕ ಅವರಿಗೆ ಯಾರ ಕೈಯೂ ಬೇಕಿಲ್ಲ. ಹೋಗಿ ಕಾಂಡದ ಮೇಲೆ ಎರಡೂ ಅಂಗೈ ಇಟ್ಟು ನಿಂತರು. "ಅಪ್ಪ ಕಡದಿದ್ನಾ?" ಎಂದು ಮೆಲ್ಲಗೆ ಕೇಳಿದರು. ಅದನ್ನು ತಂಗಿಗೆ ಕೇಳಿದರೋ ಗಿಡಕ್ಕೆ ಕೇಳಿದರೋ ನನಗೆ ತಿಳಿಯಲಿಲ್ಲ.

ಸಂಜೆಯ ಹೊತ್ತಿಗೆ ಅವರು ಒಪ್ಪಿದರು. ಆದರೆ ಎರಡು ಕರಾರು ಹಾಕಿದರು. ಗಾಯ ಮಾಡುವುದಾದರೆ ಚಾತುರ್ಮಾಸ ಹಿಡಿಯುವ ಮೊದಲು ಮಾಡಬೇಕು. ಮಳೆಗಾಲದ ಆ ನಾಲ್ಕು ತಿಂಗಳು ನಮ್ಮಲ್ಲಿ ಹಸಿರಿಗೆ ಹಿಂಸೆ ಮಾಡುವುದಿಲ್ಲ, ಸೊಪ್ಪನ್ನು ಕೂಡ ಅತ್ತೆ ತಿನ್ನುವುದಿಲ್ಲ. ಇನ್ನು ಬೇರು ಬಂದರೂ ಬರದಿದ್ದರೂ ಕಾರ್ತಿಕ ಹುಣ್ಣಿಮೆ ದಾಟುವ ತನಕ ಕೆಳಗಿಳಿಸಬಾರದು.

"ಇಷ್ಟ ದಿನಾ ಬೇಕಾಗಿಲ್ಲ ಅಕ್ಕಾ, ಎರಡ ತಿಂಗಳದಾಗ ಬೇರ ಬಂದಿರ್ತಾವ" ಎಂದರು ಮಾವಶಿ.

"ಬಂದ್ರ ಇರ್ಲಿ. ಅವಕ್ಕೇನ ಗಡಿಬಿಡಿ?"

ಬೇರು ಬರಿಸಲು ಪಾಚಿ ಬೇಕಿತ್ತು. ಅದಕ್ಕಾಗಿ ಮಾವಶಿಯ ಜೊತೆ ನಾನು ಖಾನಾಪುರಕ್ಕೆ ಹೋದೆ. ಅವರ ಮನೆಗೆ ಹಬ್ಬ ಹುಣ್ಣಿಮೆಗೆಂದು ಎಷ್ಟೋ ಸಲ ಹೋಗಿದ್ದೇನೆ. ಹಿತ್ತಿಲಲ್ಲಿ ಒಂದು ದೊಡ್ಡ ಮರವಿರುವುದೂ ಗೊತ್ತಿತ್ತು. ಅದರ ಕೆಳಗೆ ಪಾತ್ರೆ ತೊಳೆದಿದ್ದೆ. ಆಲವೋ ಏನೋ ಅಂದುಕೊಂಡು ಬಿಟ್ಟಿದ್ದೆ. ಆ ದಿನ ಮೊದಲ ಸಲ ತಲೆ ಎತ್ತಿ ನೋಡಿದೆ.

ಅಷ್ಟು ಎತ್ತರದಲ್ಲಿ ನಮ್ಮ ಚೌಕದ ಎಲೆಗಳೇ ಇದ್ದವು. ಅದೇ ದಪ್ಪ, ಅದೇ ಕಡುಹಸಿರು, ನಡುವೆ ಅದೇ ನೇರ ಗೆರೆ. ಆದರೆ ಸಾವಿರಾರು. ಬುಡ ಒಂದು ಕೋಣೆಯಷ್ಟು ಹರಡಿತ್ತು. ಬೇರುಗಳು ಮೊಣಕಾಲೆತ್ತರಕ್ಕೆ ಗೋಡೆಗಳ ಹಾಗೆ ಎದ್ದು ಹಿತ್ತಿಲನ್ನು ಭಾಗ ಮಾಡಿದ್ದವು. ಕೊಂಬೆಗಳಿಂದ ಇಳಿದ ಬೇರುಗಳು ನೆಲ ಮುಟ್ಟಿ, ದಪ್ಪಗಾಗಿ, ಕಂಬಗಳಾಗಿ ನಿಂತಿದ್ದವು. ಒಂದು ಕಂಬದೊಳಗೆ ಹಳೆಯ ಬಾವಿಯ ರಾಟೆಯ ಕಬ್ಬಿಣ ಸಿಕ್ಕಿಕೊಂಡು ಅರ್ಧ ಮರದೊಳಗೆ ಹೋಗಿತ್ತು. ಮೇಲೆಲ್ಲೋ ಮಂಗಟ್ಟೆ ಹಕ್ಕಿಗಳ ಗದ್ದಲ. ಖಾನಾಪುರದ ಮಳೆ, ಮಣ್ಣು ಅದಕ್ಕೆ ಸಿಕ್ಕಿತ್ತು. ನಮ್ಮ ಗಿಡಕ್ಕೆ ಒಂದು ಕುಂಡ ಸಿಕ್ಕಿತ್ತು. ಅಷ್ಟೇ ಭೇದ. ಬೀಜದಿಂದ ಹುಟ್ಟಿದ್ದರೆ ತಾಯಿ ಮಗಳು ಎನ್ನಬಹುದಿತ್ತು. ಇದು ಹಾಗಲ್ಲ. ಒಂದೇ ಮೈ, ಒಂದು ಭಾಗ ಇಲ್ಲಿ ಆಕಾಶ ತುಂಬಿಕೊಂಡು, ಇನ್ನೊಂದು ಭಾಗ ರವಿವಾರ ಪೇಟೆಯ ತಗಡಿನ ಕೆಳಗೆ ಕುತ್ತಿಗೆ ಬಗ್ಗಿಸಿಕೊಂಡು. ನನಗೆ ಆ ಬುಡದ ಮೇಲೆ ಕಾಲಿಡಲು ಆಗಲಿಲ್ಲ. ಬಸದಿಯ ಹೊಸ್ತಿಲಲ್ಲಿ ನಿಂತ ಹಾಗೆ ಚಪ್ಪಲಿ ಬಿಟ್ಟು ನಿಂತೆ.

"ಹೌದಲಾ, ನಾನೂ ಒಮ್ಮೊಮ್ಮೆ ಹಿಂಗ ನಿಂದರ್ತೀನಿ" ಎಂದು ಮಾವಶಿ ಹಿಂದಿನಿಂದ ಹೇಳಿದರು.

ಪಾಚಿ ಆ ಮರದ ಮೈಮೇಲೆಯೇ ಇತ್ತು. ಬೇಸಿಗೆಗೆ ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದ, ಮುಟ್ಟಿದರೆ ಪುಡಿಯಾಗುವ ಪಾಚಿ. ಇದು ಸತ್ತೇ ಹೋಗಿದೆಯಲ್ಲ ಎಂದೆ. ಮಾವಶಿ ಒಂದು ಹಿಡಿ ಕಿತ್ತು ಬಟ್ಟಲಲ್ಲಿ ಹಾಕಿ ನೀರು ಸುರಿದರು. ನಾವು ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಅದು ಉಬ್ಬಿ, ಒಂದೊಂದು ಎಳೆಯೂ ಬಿಚ್ಚಿ, ಹಸಿರಾಗಿ ಕುಳಿತಿತ್ತು.

ಮೃಗಶಿರಾ ಮಳೆ ಶುರುವಾದ ವಾರ ಕೆಲಸ ಮಾಡಿದೆವು. ಮಾಳಿಗೆಯ ಕಟಕಟೆಗೆ ಒರಗಿ, ಸ್ಟೂಲಿನ ಮೇಲೆ ನಿಂತವಳು ನಾನು. ಮಾವಶಿ ಪಕ್ಕದಲ್ಲಿ. ಕೆಳಗೆ ಚೌಕದಲ್ಲಿ ಅತ್ತೆ ಜಪಮಾಲೆ ಹಿಡಿದು ಕುಳಿತಿದ್ದರು. ಎಲೆಯ ಗೊಂಚಲಿನ ಸ್ವಲ್ಪ ಕೆಳಗೆ, ಹೆಬ್ಬೆರಳಿನಷ್ಟು ದಪ್ಪವಿದ್ದ ಕಡೆ, ಹೊಸ ಬ್ಲೇಡಿನಿಂದ ಕಾಂಡದ ಸುತ್ತ ಒಂದು ಗೆರೆ ಎಳೆದೆ. ಅದರ ಕೆಳಗೆ ಎರಡು ಬೆರಳು ಬಿಟ್ಟು ಇನ್ನೊಂದು ಗೆರೆ. ನಡುವಿನ ತೊಗಟೆಯನ್ನು ಬಳೆಯ ಹಾಗೆ ಬಿಡಿಸಬೇಕು. ಗೆರೆ ಎಳೆದದ್ದೇ ತಡ, ಹಾಲು ಚಿಮ್ಮಿತು. ಬೆಳ್ಳಗೆ, ಅಂಟಂಟಾಗಿ, ನನ್ನ ಮಣಿಕಟ್ಟಿನ ಮೇಲಿಂದ ಹರಿದು ಕೆಳಗೆ ಚೌಕದ ಕಲ್ಲಿನ ಮೇಲೆ ಟಪ್ ಟಪ್ ಎಂದು ಬಿತ್ತು. ಅತ್ತೆಗೆ ಸದ್ದು ಕೇಳಿಸಿತು.

"ಅಳಾಕತ್ತೈತೇನು?"

ನಾನು ಮಾವಶಿಯನ್ನು ನೋಡಿದೆ. ಅವರು ಬಗ್ಗಿ, "ಹಾಲ ಬರಾಕತ್ತೈತಿ ಅಕ್ಕಾ. ಅತ್ತಿಗಿಡಾ, ಆಲ, ಇದು ಎಲ್ಲಾ ಒಂದ ಕುಲದವು. ಗಾಯಾ ತಾನ ಮುಚ್ಚಿಕೋತೈತಿ" ಎಂದರು. ಒರೆಸಿದ ಬಟ್ಟೆಯ ಮೇಲೆ ಹಾಲು ಆಗಲೇ ರಬ್ಬರಿನ ಹಾಗೆ ಎಳೆಯುತ್ತಿತ್ತು. ಆ ಕಲೆ ನನ್ನ ಸೀರೆಯಿಂದ ಇವತ್ತಿಗೂ ಹೋಗಿಲ್ಲ.

ಹಾಲು ನಿಂತ ಮೇಲೆ ಗಾಯದ ಸುತ್ತ ಒದ್ದೆ ಪಾಚಿಯನ್ನು ಉಂಡೆ ಕಟ್ಟಿದೆವು. ಅದರ ಮೇಲೆ ಒಳಗಿನದು ಕಾಣುವ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಎರಡೂ ತುದಿಗೆ ಅಂಗಡಿಯ ಸುತಳಿ ಬಿಗಿದೆವು. ತಗಡಿಗೆ ತಾಗುತ್ತಿದ್ದ ತುದಿಯನ್ನು ಮುರಿಯದ ಹಾಗೆ ಬಗ್ಗಿಸಿ ಕಟಕಟೆಗೆ ಕಟ್ಟಿದೆವು. ಹೊಸ ತಗಡು ಹಾಕುವಷ್ಟು ಜಾಗ ಆಯಿತು.

ಆಮೇಲೆ ಕಾಯುವುದು. ಶಾಲೆ ಶುರುವಾಯಿತು, ಮಳೆ ಹಿಡಿಯಿತು. ಬೆಳಗಾವಿಯ ಮಳೆ ಹಿಡಿದರೆ ಬಟ್ಟೆ ಒಣಗುವುದಿಲ್ಲ, ಉಪ್ಪು ಕರಗುತ್ತದೆ. ಪಾಚಿಗೆ ನೀರು ಹಾಕುವ ಕೆಲಸವೂ ಅಷ್ಟಾಗಿ ಇರಲಿಲ್ಲ. ಶಾಲೆಗೆ ಹೋಗುವ ಮೊದಲು ಮಾಳಿಗೆ ಹತ್ತಿ ಆ ಗಂಟನ್ನು ನೋಡುತ್ತಿದ್ದೆ. ಪಾಚಿ ಹಸಿರಾಗಿತ್ತು, ಅಷ್ಟೇ. ಆಷಾಢ ಹೀಗೇ ಹೋಯಿತು. ಗಂಟಿನ ಮೇಲಿರುವ ಎಲೆಗಳು ಬಾಡಿರಲಿಲ್ಲ, ಅದೊಂದೇ ಸಮಾಧಾನ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಪ್ಲಾಸ್ಟಿಕ್ಕಿನ ಒಳಗೆ ಏನೋ ಬೆಳ್ಳಗೆ ಕಂಡಿತು. ಶಿಲೀಂಧ್ರ ಬಂತೇನೋ ಎಂದು ಹೆದರಿ ಕನ್ನಡಕ ಹಾಕಿ ನೋಡಿದೆ. ಬೇರಿನ ತುದಿ. ಎಳೆಯ ಮಗುವಿನ ಹಲ್ಲು ಒಸಡಿನಿಂದ ಹೊರಬರುವಾಗ ಇರುವಷ್ಟೇ ಬಿಳಿ, ಅಷ್ಟೇ ಸಣ್ಣದು. ಅದರ ಬದಿಗೆ ಇನ್ನೊಂದು. ನಾನು ಗಾಯ ಮಾಡಿದ ಗೆರೆಯ ಮೇಲಂಚಿನಿಂದಲೇ ಅವು ಹೊರಟಿದ್ದವು. ಎಲೆಗಳಿಂದ ಇಳಿದು ಬರುವ ಊಟ ಅಲ್ಲಿ ದಾರಿ ಕಾಣದೆ ನಿಂತು, ಅದೇ ಬೇರಾಗಿ ಹೊರಡುತ್ತದೆ ಎಂದು ಮಾವಶಿ ಹೇಳಿದ್ದರು. ಹೇಳಿದ್ದು ಬೇರೆ, ಕಾಣುವುದು ಬೇರೆ. ನೆಲವೇ ಇಲ್ಲದ ಕಡೆ, ಗಾಳಿಯಲ್ಲಿ, ಬರೀ ಒಂದು ಗಾಯವನ್ನು ನಂಬಿ ಬೇರು ಹೊರಟಿತ್ತು. ಶಾಲೆಯ ಬಸ್ಸು ತಪ್ಪಿತು. ನಾನು ಅಲ್ಲೇ ಕುಳಿತಿದ್ದೆ.

ಕೆಳಗೆ ಬಂದು ಹೇಳಿದಾಗ ಅತ್ತೆ ಎರಡೂ ಕೈ ಮುಗಿದರು. ಆಮೇಲೆ ದಿನವೂ ನಾನು ವರದಿ ಒಪ್ಪಿಸಬೇಕಾಯಿತು. "ಇವತ್ತ ಎಷ್ಟ ಉದ್ದ ಆಗ್ಯಾವ? ಬಣ್ಣಾ ಹ್ಯಾಂಗೈತಿ?" ಬಿಳಿ ಇದ್ದದ್ದು ಕೆನೆಯಾಯಿತು, ಕಂದಾಯಿತು; ಒಂದು ಕವಲೊಡೆಯಿತು; ಪಾಚಿ ಕಾಣದ ಹಾಗೆ ಗಂಟು ತುಂಬಿತು. ಮಾವಶಿಯ ಲೆಕ್ಕದಲ್ಲಿ ಇಳಿಸುವ ಕಾಲ ಆಗಿಹೋಗಿತ್ತು. ಅತ್ತೆ ಒಪ್ಪಲಿಲ್ಲ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ಆ ದಿನ ನಾವು ಚಿಕ್ಕವರು ದೊಡ್ಡವರೆನ್ನದೆ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತೇವೆ. ಬಸದಿಯಿಂದ ಬಂದ ಅತ್ತೆ ನೇರ ಕುಂಡದ ಹತ್ತಿರ ಹೋಗಿ, ಕಾಂಡಕ್ಕೆ ಹಣೆ ಹಚ್ಚಿ ನಿಂತರು. ಅದೇ ದಿನ ಕ್ಷಮೆ ಕೇಳಲು ಫೋನು ಮಾಡಿದ ಮಾವಶಿಗೆ ನಾನು ಇದನ್ನು ಹೇಳಿದಾಗ ಅವರು, "ಇನ್ನೂ ಕಡದಿಲ್ಲ, ಮುಂಗಡಾನ ಕೇಳಿದ್ಲೇನು?" ಎಂದು ನಕ್ಕರು. ಅತ್ತೆಗೆ ಕೇಳಿಸಿತು. "ಬ್ಲೇಡ ಹಚ್ಚಿದ್ದು ಮರತ್ಯಾ? ಅದಕ್ಕ ಕೇಳ್ಯೇನಿ. ಕಡಿಯೂದಕ್ಕ ಮತ್ತ ಬ್ಯಾರೆ ಕೇಳ್ತೀನಿ" ಎಂದರು.

ಬೇರುಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ನವರಾತ್ರಿಯ ಸುಮಾರಿಗೆ ಸುತಳಿಯ ಬಿಗಿತ ಸೀಳಿಕೊಂಡು ಒಂದು ಬೇರು ಹೊರಬಂತು. ಅದರ ಹಿಂದೆ ಇನ್ನೆರಡು. ತುದಿ ನಸುಗೆಂಪು, ಸುರುಳಿಯಿಲ್ಲದೆ ನೇರ, ಗಾಳಿಯಲ್ಲಿ ತೂಗುತ್ತ ಕೆಳಗಿಳಿಯತೊಡಗಿದವು. ಖಾನಾಪುರದ ಮರದ ಕಂಬಗಳೂ ಮೊದಲು ಹೀಗೆಯೇ ಇಳಿದಿರಬೇಕು. ನಾನು ಸುಮ್ಮನೆ ಬಿಟ್ಟೆ. ದೀಪಾವಳಿ ಮುಗಿಯುವ ಹೊತ್ತಿಗೆ ಒಂದು ಬೇರು ಕೈಗೆಟಕುವಷ್ಟು ಕೆಳಗೆ ಬಂದಿತ್ತು. ಅತ್ತೆಯನ್ನು ಮೆಟ್ಟಿಲಿನ ಮೇಲೆ ನಿಲ್ಲಿಸಿ ಅವರ ಕೈಯನ್ನು ಮೇಲಕ್ಕೆತ್ತಿ ಹಿಡಿದೆ. ಬೇರಿನ ತುದಿ ಅವರ ಅಂಗೈಗೆ ತಾಗಿತು.

ಅವರು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ತಾವೇ ಕೈ ಎತ್ತಿ ಹುಡುಕಿದರು. ಸಿಕ್ಕಿತು. ಎರಡು ಬೆರಳುಗಳ ನಡುವೆ ಹಿಡಿಯದೆ, ಬರೀ ತಾಗಿಸಿಕೊಂಡು ನಿಂತರು.

"ತಣ್ಣಗೈತಿ. ಮೆತ್ತಗ ಐತಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇದು ಕೆಳಗ ಬರಬೇಕಂತ ಮಾಡೇತಿ. ಇನ್ನ ತಡೀಬ್ಯಾಡ್ರಿ" ಎಂದರು.

ಕಾರ್ತಿಕ ಹುಣ್ಣಿಮೆ ದಾಟಿದ ಮೊದಲ ರವಿವಾರ ಮಾವಶಿ ಬಂದರು, ಖಾನಾಪುರದ ಕುಂಬಾರರು ಮಾಡಿದ ಅಗಲ ಬಾಯಿಯ ಮಣ್ಣಿನ ಕುಂಡವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು. ಗಂಟಿನ ಕೆಳಗೆ ನನ್ನ ಗಂಡ ಗರಗಸ ಹಾಕಿದರು. ಗೊಂಚಲಿನ ಭಾರ ಬೀಳದ ಹಾಗೆ ಹಳೆಯ ಸೀರೆಯನ್ನು ಜೋಳಿಗೆ ಮಾಡಿ ಅದರೊಳಗೆ ಕೂರಿಸಿದೆವು. ಹಗ್ಗ ಹಿಡಿದು ಇಳಿಸಿದವನು ಅಂಗಡಿಯ ಹಮಾಲ. ಚೀಲ ಇಳಿಸುವುದು ದಿನದ ಕೆಲಸವಾದರೂ ಅವನೂ ಉಸಿರು ಹಿಡಿದಿದ್ದ. ಎಲೆಗಳು ಕೆಳಗೆ ಬಂದು ಅತ್ತೆಯ ಎದುರಿಗೆ ನಿಂತವು. ಅವರು ಕುಂಡದ ಮಣ್ಣು ಒತ್ತುವ ತನಕ ಕಾಯಲಿಲ್ಲ. ಒದ್ದೆ ಬಟ್ಟೆ ತರಿಸಿಕೊಂಡು, ಒಂದು ಎಲೆಯನ್ನು ಅಡಿಗೆ ಅಂಗೈ ಕೊಟ್ಟು ಹಿಡಿದು, ತೊಟ್ಟಿನಿಂದ ತುದಿಯವರೆಗೆ ಒರೆಸಿದರು. ಇನ್ನೊಂದು. ಮತ್ತೊಂದು. ಮಾವಶಿ ಮೂಗು ಒರೆಸಿಕೊಂಡು, "ಈಕಿ ಮುಗಿಸೂಮಟ ನಮಗ ಊಟ ಇಲ್ಲ" ಎಂದರು.

ಗೊಂಚಲು ಹೊಸ ಕುಂಡದಲ್ಲಿ ನಾಲ್ಕು ದಿನ ಮುಖ ಇಳಿಬಿಟ್ಟು, ಆಮೇಲೆ ಎತ್ತಿತು. ಅದರ ಬಗ್ಗೆ ಮತ್ತೆ ಚಿಂತೆಯಾಗಲಿಲ್ಲ. ಚಿಂತೆಯಾದದ್ದು ಉಳಿದ ಬೊಡ್ಡೆಯ ಬಗ್ಗೆ. ಮಾವಶಿ ಉದ್ದದ ಬೋಳು ಕಾಂಡವನ್ನು ಸೊಂಟದ ಎತ್ತರಕ್ಕೆ ಕಡಿಸಿದ್ದರು. ನಡುವಿನ ಕಾಂಡವನ್ನು ತುಂಡು ಮಾಡಿ ಉಸುಕಿನ ಪೆಟ್ಟಿಗೆಯಲ್ಲಿ ನೆಟ್ಟು ಹೋಗಿದ್ದರು. ಹಳೆಯ ಸಿಮೆಂಟು ಕುಂಡದಲ್ಲಿ ಉಳಿದದ್ದು ಒಂದು ಗೂಟ. ಕಡಿದ ಬಾಯಲ್ಲಿ ಹಾಲು ಕಪ್ಪಗೆ ಹೆಪ್ಪುಗಟ್ಟಿತ್ತು. ಒಂದು ಎಲೆಯಿಲ್ಲ, ಒಂದು ಚಿಗುರಿಲ್ಲ.

ಬೆಳಗಾವಿಯ ಚಳಿ ಬಂತು. ಪುಷ್ಯ, ಮಾಘ ಕಳೆದವು. ಉಸುಕಿನಲ್ಲಿದ್ದ ತುಂಡುಗಳಲ್ಲಿ ಅರ್ಧದಷ್ಟು ಒಣಗಿ ಹಗುರಾದವು. ಬೊಡ್ಡೆ ಇದ್ದ ಹಾಗೇ ಇತ್ತು. ನನ್ನ ಗಂಡ ಒಂದು ದಿನ ನನ್ನೊಬ್ಬಳಿಗೆ, "ಇದು ಮುಗದಂಗ ಕಾಣತೈತಿ. ಅವ್ವಗ ಹ್ಯಾಂಗ ಹೇಳೂದು?" ಎಂದರು. ನನಗೂ ಹಾಗೇ ಅನ್ನಿಸಿತ್ತು. ಅತ್ತೆಗೆ ಕಾಣುವುದಿಲ್ಲವೆಂದು ಇಬ್ಬರೂ ಮಾತು ಮುಂದೂಡುತ್ತ ಹೋದೆವು. ಅವರು ಮಾತ್ರ ದಿನವೂ ಸ್ನಾನ, ಜಪ ಮುಗಿಸಿ ಬೊಡ್ಡೆಯ ಹತ್ತಿರ ಕುಳಿತು, ಕೆಳಗಿನಿಂದ ಮೇಲಕ್ಕೆ ಬೆರಳಾಡಿಸುತ್ತಿದ್ದರು. ಕಾಂಡದ ಮೇಲೆ ಬಳೆಗಳ ಹಾಗೆ ಗೆರೆಗಳಿದ್ದವು. ಹಿಂದೆ ಎಂದೋ ಒಂದೊಂದು ಎಲೆ ಇದ್ದ ಜಾಗದ ಗುರುತು. ಅವರ ಬೆರಳು ಒಂದೊಂದು ಗೆರೆಯ ಮೇಲೂ ನಿಂತು ಹೋಗುತ್ತಿತ್ತು.

ಹೋಳಿ ಹುಣ್ಣಿಮೆಯ ಮುಂಚೆ, ಬಿಸಿಲು ಏರಿದ ಒಂದು ದಿನ, ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಅತ್ತೆ ಕರೆದರು. ದನಿ ಬೇರೆಯಾಗಿತ್ತು.

"ಇಲ್ಲಿ ಬಾ ತಂಗಿ. ಇಲ್ಲಿ ಕೈ ಹಚ್ಚ."

ಬಗ್ಗಿ ನೋಡಿದೆ. ಬೂದುಬಣ್ಣದ ತೊಗಟೆ, ಅಷ್ಟೇ. "ಏನೂ ಕಾಣವಲ್ದರೀ" ಎಂದೆ.

"ನೋಡಬ್ಯಾಡ. ಹಚ್ಚ."

ಅವರು ನನ್ನ ತೋರುಬೆರಳನ್ನು ಹಿಡಿದು ಒಂದು ಗೆರೆಯ ಸ್ವಲ್ಪ ಮೇಲೆ ಇಟ್ಟರು. ಕಣ್ಣು ಮುಚ್ಚಿದೆ. ತೊಗಟೆಯ ಕೆಳಗೆ ಅಕ್ಕಿಕಾಳಿನಷ್ಟು ಒಂದು ಉಬ್ಬು. ನಿನ್ನೆ ಇತ್ತೋ ಇಲ್ಲವೋ ನಾನು ಹೇಳಲಾರೆ, ಅವರು ಹೇಳಬಲ್ಲವರಾಗಿದ್ದರು.

"ಇದು ನಿನ್ನಿ ಇರಲಿಲ್ಲ" ಎಂದರು. "ಇನ್ನೊಂದ ಆ ಕಡೆ ಐತಿ. ಕಬ್ಬಿಗೆ ಕಣ್ಣ ಅಂತಾರಲಾ, ಹಂಗ. ನೋಡ, ನನ್ನವು ಹೋದ್ವು, ಇದಕ್ಕ ಬರಾಕತ್ತಾವ." ಹಾಗೆಂದು ತಾವೇ ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ಬೆರಳನ್ನು ಅಲ್ಲಿಂದ ತೆಗೆಯದೆ ಕುಳಿತೆ. ಆ ಗೆರೆಯ ಎಲೆ ಬಿದ್ದು ಹೋದದ್ದು ನನ್ನ ಗಂಡ ಹುಟ್ಟುವ ಮೊದಲು ಇರಬಹುದು. ಅಂದಿನಿಂದ ಆ ಕಣ್ಣು ತೊಗಟೆಯ ಒಳಗೆ ಮುಚ್ಚಿಕೊಂಡು ಕುಳಿತಿತ್ತು. ಮನೆಯಲ್ಲಿ ಮದುವೆಗಳಾದವು, ತೊಟ್ಟಿಲು ಕಟ್ಟಿದರು, ಮಾವನವರ ಶವ ಇದೇ ಚೌಕದಿಂದ ಹೊರಟಿತು, ಆ ಕಣ್ಣು ಮಾತ್ರ ಏಳಲಿಲ್ಲ. ಮೇಲಿನ ತುದಿ ಇರುವ ತನಕ ಏಳಬೇಕಾದ ಕೆಲಸ ಅದಕ್ಕೆ ಬರಲಿಲ್ಲ. ಈಗ ಬಂದಿತ್ತು, ಎದ್ದಿತು.

ಯುಗಾದಿಯ ಹೊತ್ತಿಗೆ ಉಬ್ಬು ತೊಗಟೆ ಸೀಳಿ ಕೆಂಪಗೆ ಮೂಡಿತು. ರಬ್ಬರ್ ಗಿಡದ ಹೊಸ ಎಲೆ ಕೆಂಪು ಒರೆಯೊಳಗೆ ಸುರುಳಿ ಸುತ್ತಿಕೊಂಡು ಬರುತ್ತದೆ. ಎಲೆ ಬಿಚ್ಚಿದಾಗ ಒರೆ ಕಳಚಿ ಬೀಳುತ್ತದೆ. ಮೊದಲ ಒರೆ ಬಿದ್ದ ದಿನ ಅತ್ತೆ ಅದನ್ನು ನೆಲದಿಂದ ತಡವಿ ಎತ್ತಿ, ಮೂಸಿ, ಹೊಸ ಎಲೆಯ ಮೇಲೆ ಬೆರಳಿಟ್ಟು, "ಹಸುಗೂಸಿನ ಕಿವಿ ಇದ್ದಂಗ ಐತಿ" ಎಂದರು. ಬೊಡ್ಡೆಯಿಂದ ಒಟ್ಟು ನಾಲ್ಕು ಟೊಂಗೆ ಹೊರಟವು. ಉಸುಕಿನ ತುಂಡುಗಳಲ್ಲಿಯೂ ಕೆಲವು ಚಿಗುರಿದವು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಅತ್ತೆಗೆ ಈಗ ಬೆಳಕು ನೆರಳಿನ ಭೇದವೂ ಅಷ್ಟಾಗಿ ಇಲ್ಲ. ಮಾವಶಿಗೂ ಬಸ್ಸಿನ ಓಡಾಟ ಕಡಿಮೆಯಾಗಿದೆ. ಅಕ್ಕ ತಂಗಿ ದಿನವೂ ಫೋನಿನಲ್ಲಿ ಎಲೆಗಳ ಸುದ್ದಿ ಮಾತಾಡುತ್ತಾರೆ. ಚಿಗುರಿದ ತುಂಡುಗಳಲ್ಲಿ ಒಂದು ಎದುರುಮನೆಯ ಅತ್ತರಿನ ಅಂಗಡಿಯ ಅಜ್ಜಿಯ ಜಗಲಿಯಲ್ಲಿದೆ. ಅವರು ಮನೆಯಲ್ಲಿ ಉರ್ದು ಮಾತಾಡುವವರು, ನಮ್ಮ ಅತ್ತೆಯ ಜೊತೆ ಮಾತ್ರ ಉರ್ದು ಬೆರೆತ ಕನ್ನಡ. "ತುಮಾರಾ ಗಿಡಾ ಹಮಾರೆ ಮನ್ಯಾಗ ಬಾಳ ಖುಷ್ ಐತ್ರೀ" ಎಂದು ಕೂಗಿ ಹೇಳುತ್ತಾರೆ. ಇನ್ನೊಂದು ಕಣ್ಣಿನ ಡಾಕ್ಟರರ ಕೋಣೆಯ ಕಿಟಕಿಯಲ್ಲಿದೆ. ತಪಾಸಣೆಗೆ ಹೋದಾಗ ಅತ್ತೆ ಡಾಕ್ಟರರನ್ನು ಮಾತಾಡಿಸುವ ಮೊದಲು ಅದರ ಹತ್ತಿರ ಹೋಗಿ, ಧೂಳು ಇದೆಯೋ ಎಂದು ಎಲೆ ಮುಟ್ಟಿ ನೋಡುತ್ತಾರೆ.

ಪ್ರತಿ ವರ್ಷ ಮೃಗಶಿರಾ ಮಳೆಗೆ ಮೊದಲು ನಾವು ಚೌಕದ ಗಿಡವನ್ನು ಸವರುತ್ತೇವೆ, ಅತ್ತೆಯ ಹೆಗಲಿಗಿಂತ ಎತ್ತರ ಹೋಗದ ಹಾಗೆ. ಕತ್ತರಿ ನನ್ನ ಕೈಯಲ್ಲಿ. ಎಲ್ಲಿ ಎಂದು ಹೇಳುವವರು ಅವರು. ಒಂದೊಂದು ಟೊಂಗೆಯನ್ನೂ ಬೆರಳಿನಿಂದ ಓದುತ್ತ ಹೋಗಿ, ಒಳಮುಖದ ಕಣ್ಣನ್ನು ಬಿಟ್ಟು, ಹೊರಮುಖದ ಕಣ್ಣಿನ ಮೇಲೆ ಉಗುರಿಟ್ಟು ಹಿಡಿಯುತ್ತಾರೆ. ಈ ವರ್ಷ ಒಂದು ಟೊಂಗೆಯ ಹತ್ತಿರ ಬಹಳ ಹೊತ್ತು ನಿಂತರು. ಅಲ್ಲಿ ಕಡಿದರೆ ಒಂದು ಹೊಸ ಎಲೆ ಹೋಗುತ್ತಿತ್ತು, ಇನ್ನೂ ಒರೆ ಬಿಚ್ಚಿರಲಿ‌ಲ್ಲ.

"ಇದನ್ನ ಬಿಡೂಣೇನ್ರೀ?" ಎಂದೆ.

"ಬಿಡು. ಅದು ಬಿಚ್ಚಲಿ" ಎಂದರು. "ಮುಂದಿನ ವಾರ ನೋಡೂಣು."